ಸುಧಾರಣಾಶಾಲೆಗಳೂ ಬಿಡುಗಡೆಯಾದವರ ಮರಣಗಳೂ

ಯಾವ ಶಾಲೆಯಲ್ಲಿಯಾದರೂ ಎರಡು ಪುಸ್ತಕಗಳು ತಪ್ಪದೆ ಇರುತ್ತವೆ. ಒಂದು, ಮಕ್ಕಳನ್ನು ಸೇರಿಸಿಕೊಳ್ಳುವಾಗ ಬರೆಯುವ ಪುಸ್ತಕ. ಮತ್ತೊಂದು, ಅವರು ಬಿಟ್ಟುಹೋಗುವಾಗ ಬರೆಯುವ ಪುಸ್ತಕ. ಊರ ಶಾಲೆಯ ಮಟ್ಟಿಗೆ ಇಷ್ಟು ಸಾಕು. ಏಕೆಂದರೆ ಬಿಟ್ಟುಹೋದ ಮಗು ತನ್ನ ಮನೆಯಲ್ಲಿ, ತನ್ನವರ ಕಣ್ಣಮುಂದೆಯೇ ಬೆಳೆಯುತ್ತದೆ. ಆದರೆ ಮಗುವನ್ನು ತಂದೆತಾಯಿಗಳಿಂದ ಅಗಲಿಸಿ, ದೂರದ ಸ್ಥಳದಲ್ಲಿ ಬೇಲಿಯೊಳಗಿರಿಸಿ, ತಿದ್ದಿ ಹಿಂದಕ್ಕೆ ಕಳುಹಿಸುವೆವೆಂದು ಹೊಣೆಹೊತ್ತ ಶಾಲೆಯ ವಿಷಯ ಬೇರೆ. ಅಲ್ಲಿ ತಿದ್ದಿಸಿಕೊಂಡು ಹೊರಬಂದವನು ಎಷ್ಟು ಕಾಲ ಬದುಕಿದನು, ಹೇಗೆ ಬದುಕಿದನು, ಹೇಗೆ ಸತ್ತನು ಎಂಬುದೇ ಆ ಶಾಲೆಯ ನಿಜವಾದ ಪರೀಕ್ಷೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂಕೆಮೀರಿದ ಕಿಶೋರರಿಗಾಗಿ ಏರ್ಪಟ್ಟ ವಸತಿಶಾಲೆಗಳಿಗೆ 175 ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ಆ ಪರೀಕ್ಷೆಯ ಫಲವನ್ನು ಬರೆದಿಡತಕ್ಕ ಮೂರನೆಯ ಪುಸ್ತಕವು ಮಾತ್ರ ಬಹುಕಾಲ ಯಾರ ಮೇಜಿನ ಮೇಲೆಯೂ ಇರಲಿಲ್ಲ. ಆ ಪುಸ್ತಕವನ್ನು ಕಡೆಗೆ ಯಾರು ಬರೆದರು, ಹೇಗೆ ಬರೆದರು ಎಂಬುದು ತಿಳಿದುಕೊಳ್ಳತಕ್ಕ ಸಂಗತಿಯಾಗಿದೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ವೆಸ್ಟ್‌ಬರೋ ಎಂಬಲ್ಲಿ 1848ನೆಯ ಇಸವಿಯಲ್ಲಿ ಬಾಲಕರ ಸುಧಾರಣಾಶಾಲೆಯೊಂದು ತೆರೆಯಲ್ಪಟ್ಟಿತು. ಸಂಸ್ಥಾನದ ಸರಕಾರವೇ ನಡಸಿದ ಇಂತಹ ಶಾಲೆಗಳಲ್ಲಿ ಅಮೆರಿಕದಲ್ಲಿ ಅದೇ ಮೊದಲನೆಯದು. ಅದಕ್ಕೆ ಉದಾರವಾಗಿ ಧನಸಹಾಯ ಮಾಡಿದ, ಬಾಸ್ಟನ್ ನಗರದ ಮಾಜಿ ಮೇಯರ್ ಥಿಯೊಡೋರ್ ಲೈಮನ್ನನ ಹೆಸರು ಮುಂದೆ ಆ ಶಾಲೆಗೆ ನಿಂತಿತು. ಕಳವು ಮಾಡಿದ ಹುಡುಗನನ್ನೂ ಬೀದಿಯಲೆಯುವ ಹುಡುಗನನ್ನೂ ಪಳಗಿದ ಅಪರಾಧಿಗಳೊಡನೆ ಸೆರೆಮನೆಗೆ ದೂಡಬಾರದು, ಅವನಿಗೆ ಓದು, ಕೆಲಸ, ಶಿಸ್ತು ಇವುಗಳನ್ನು ಕಲಿಸಿ ಸತ್ಪ್ರಜೆಯನ್ನಾಗಿ ಮಾಡಬೇಕು ಎಂಬುದು ಸ್ಥಾಪಕರ ಆಶಯ. ಆ ಕಾಲಕ್ಕೆ ಅದು ದಯೆಯಿಂದ ಹುಟ್ಟಿದ ಆಲೋಚನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ದಯೆ ಹೆಬ್ಬಾಗಿಲಿನವರೆಗೆ ಮಾತ್ರ ಬಂದು ನಿಲ್ಲುತ್ತಿದ್ದಿತು. ಹುಡುಗನನ್ನು ರೈತನೊಬ್ಬನ ಬಳಿಗೋ ಕಸುಬುದಾರನೊಬ್ಬನ ಬಳಿಗೋ ಕರಾರಿನ ಮೇಲೆ ಕಳುಹಿಸಿಕೊಟ್ಟರೆ ಅಲ್ಲಿಗೆ ಶಾಲೆಯ ಕೆಲಸ ಮುಗಿದಂತೆ. ಈ ಮಾದರಿಯು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಹಬ್ಬಿ, ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ದೇಶದಲ್ಲೆಲ್ಲ ಸುಧಾರಣಾಶಾಲೆಗಳು ಎದ್ದುನಿಂತವು.

ಹೊರಗೆ ಹೋದವರ ಲೆಕ್ಕವನ್ನು ಇಂತಹ ಶಾಲೆಗಳಿಂದ ಬಯಸುವ ಮೊದಲು, ಒಳಗೆ ಸತ್ತವರ ಲೆಕ್ಕವನ್ನು ಅವು ಹೇಗಿಟ್ಟವೆಂಬುದನ್ನು ನೋಡಬಹುದು. ಫ್ಲಾರಿಡಾ ಸಂಸ್ಥಾನದ ಮರಿಯಾನಾ ಎಂಬ ಊರಿನಲ್ಲಿ 1900ನೆಯ ಇಸವಿ ಜನವರಿ 1ನೆಯ ತಾರೀಖು ತೆರೆದ ಬಾಲಕರ ಶಾಲೆಯು ಡೋಜಿಯರ್ ಶಾಲೆಯೆಂಬ ಹೆಸರಿನಿಂದ 2011ನೆಯ ಇಸವಿಯವರೆಗೆ ನಡೆಯಿತು. ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಅಲ್ಲಿ ಬೇರೆ ಬೇರೆ ಆವರಣಗಳಿದ್ದವು. 1914ರಲ್ಲಿ ವಸತಿಗೃಹಕ್ಕೆ ಬೆಂಕಿ ಬಿದ್ದು ಮಕ್ಕಳು ಸುಟ್ಟು ಸತ್ತರು. 1918ರ ಇನ್‌ಫ್ಲುಯೆಂಜಾ ಮಾರಿ ಮತ್ತಷ್ಟು ಮಕ್ಕಳನ್ನು ಕೊಂಡೊಯ್ದಿತು. 'ವೈಟ್ ಹೌಸ್' ಎಂದು ಹುಡುಗರು ಕರೆಯುತ್ತಿದ್ದ ಸಣ್ಣ ಕಟ್ಟಡವೊಂದರಲ್ಲಿ ಚರ್ಮದ ಪಟ್ಟಿಯಿಂದ ಹೊಡೆಯುವ ಶಿಕ್ಷೆ ನಡೆಯುತ್ತಿದ್ದಿತು. ಶಾಲೆಯ ಮಸಣದಲ್ಲಿ ಕೊಳವೆಗಳಿಂದ ಮಾಡಿ ಬಿಳಿಯ ಬಣ್ಣ ಬಳಿದ 31 ಶಿಲುಬೆಗಳು ನಿಂತಿದ್ದವು. ಅವುಗಳ ಮೇಲೆ ಹೆಸರುಗಳಿರಲಿಲ್ಲ.

ಅಲ್ಲಿ ಪೆಟ್ಟು ತಿಂದು, ಬದುಕಿ, ಮುಪ್ಪಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಗಳು 2008ರ ಸುಮಾರಿಗೆ ಒಟ್ಟುಗೂಡಿ ಬಾಯಿಬಿಟ್ಟ ಮೇಲೆ ಈ ಮಸಣದ ವಿಷಯವು ಲೋಕದ ಕಿವಿಗೆ ಬಿದ್ದಿತು. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞೆ ಎರಿನ್ ಕಿಮ್ಮರ್ಲೆ ಎಂಬಾಕೆಯ ತಂಡವು ಹಳೆಯ ಕಾಗದಪತ್ರಗಳನ್ನು ಜಾಲಾಡಿ, 1914ರಿಂದ 1973ರವರೆಗೆ ಸಂಭವಿಸಿದ ನೂರರ ಸಮೀಪದಷ್ಟು ಮರಣಗಳನ್ನು ಗುರುತುಮಾಡಿತು. 2013ರಲ್ಲಿ ನೆಲವನ್ನು ಅಗೆದು ನೋಡಲು, 31 ಶಿಲುಬೆಗಳಿದ್ದ ಮಸಣದಲ್ಲಿಯೂ ಅದರ ಸುತ್ತಣ ಕಾಡಿನಲ್ಲಿಯೂ 55 ಗೋರಿಗಳು ದೊರೆತವು. 1940ರಲ್ಲಿ ಮನೆಬಿಟ್ಟು ಈ ಶಾಲೆಯ ಪಾಲಾಗಿ, ಮರಳಿ ಬಾರದೆಹೋದ 14 ವರ್ಷದ ಬಾಲಕನೊಬ್ಬನ ಅಸ್ಥಿಗಳು 2014ರಲ್ಲಿ ಗುರುತು ಹತ್ತಿದವು. ಅಣ್ಣನಿಗಾಗಿ ಜೀವಮಾನವೆಲ್ಲ ವಿಚಾರಿಸುತ್ತಿದ್ದ ತಂಗಿ ಆ ಹೊತ್ತಿಗೆ ವೃದ್ಧೆಯಾಗಿದ್ದಳು. ಫ್ಲಾರಿಡಾದ ಶಾಸನಸಭೆಯು 2017ರಲ್ಲಿ ಕ್ಷಮೆ ಬೇಡಿತು. 2024ರಲ್ಲಿ ಬದುಕುಳಿದವರ ಪರಿಹಾರಕ್ಕಾಗಿ 2 ಕೋಟಿ ಡಾಲರುಗಳನ್ನು ತೆಗೆದಿರಿಸಲಾಯಿತು. ತನ್ನ ಬೇಲಿಯೊಳಗೆ, ತನ್ನ ಕೈಯಿಂದಲೇ ಹೂಳಿದ ಮಕ್ಕಳ ಸಂಖ್ಯೆಯನ್ನೇ ಸರಿಯಾಗಿ ಬರೆದಿಡದ ಶಾಲೆಯು ಬೇಲಿಯಾಚೆ ಸತ್ತವರನ್ನು ಎಣಿಸಿರಲಾರದೆಂಬುದು ಸ್ಪಷ್ಟ.

ಬೇಲಿಯಾಚೆಯ ಮೊದಲ ಎಣಿಕೆಗಳಲ್ಲೊಂದು ನಡೆದುದು ಮೊದಲನೆಯ ಶಾಲೆಯ ಹುಡುಗರ ವಿಷಯದಲ್ಲಿಯೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಷೆಲ್ಡನ್ ಗ್ಲೂಕ್, ಎಲಿನರ್ ಗ್ಲೂಕ್ ಎಂಬ ದಂಪತಿಗಳು 1940ರ ಸುಮಾರಿಗೆ ಲೈಮನ್ ಶಾಲೆಯಿಂದಲೂ ಷರ್ಲಿ ಎಂಬಲ್ಲಿದ್ದ ಮತ್ತೊಂದು ಸುಧಾರಣಾಶಾಲೆಯಿಂದಲೂ 500 ಮಂದಿ ಬಾಲಕರನ್ನು ಆರಿಸಿಕೊಂಡರು. ಅವರಿಗೆ ಸರಿಹೋಲಿಕೆಯಾಗಿ, ಬಾಸ್ಟನ್ನಿನ ಅಂತಹವೇ ಬಡಕೇರಿಗಳಲ್ಲಿ ಬೆಳೆದ, ವಯಸ್ಸಿನಲ್ಲಿಯೂ ಬುದ್ಧಿಯಲ್ಲಿಯೂ ಸಮಾನರಾದ, ಆದರೆ ಅಪರಾಧಕ್ಕೆ ಸಿಕ್ಕದ 500 ಬಾಲಕರನ್ನು ಸೇರಿಸಿಕೊಂಡರು. ಈ ಸಾವಿರ ಮಂದಿಯನ್ನು 32 ವರ್ಷ ವಯಸ್ಸಾಗುವವರೆಗೆ ಬೆನ್ನುಹತ್ತಿ ವಿಚಾರಿಸಿದರು. ಬಳಿಕ ಆ ಕಾಗದಗಳೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಹಾರ್ವರ್ಡಿನ ನ್ಯಾಯಶಾಸ್ತ್ರ ವಿದ್ಯಾಲಯದ ನೆಲಮಾಳಿಗೆಯನ್ನು ಸೇರಿದವು. 1980ರ ದಶಕದ ಮಧ್ಯದಲ್ಲಿ ಜಾನ್ ಲಾಬ್ ಎಂಬ ವಿದ್ವಾಂಸನು ಅವನ್ನು ಹೊರತೆಗೆದನು. ಆತನೂ ರಾಬರ್ಟ್ ಸ್ಯಾಂಪ್ಸನ್ನನೂ ಕೂಡಿ ಆ ಬಾಲಕರ ಪೈಕಿ ಬದುಕಿದ್ದವರನ್ನು ಎಪ್ಪತ್ತರ ವಯಸ್ಸಿನಲ್ಲಿ ಹುಡುಕಿದರು. ಸತ್ತವರನ್ನು ಮರಣದ ದಾಖಲೆಗಳಲ್ಲಿ ಹುಡುಕಿದರು. ಲಾಬನೂ ಮನೋವೈದ್ಯ ಜಾರ್ಜ್ ವೇಲಿಯಂಟನೂ 2000ದಲ್ಲಿ ಪ್ರಕಟಿಸಿದ ಲೇಖನದಿಂದ ಹೊರಬಿದ್ದ ಸಂಗತಿಯೇನೆಂದರೆ, ಸುಧಾರಣಾಶಾಲೆಯಿಂದ ಬಂದವರಲ್ಲಿ ರೋಗದಿಂದಲ್ಲದೆ ಅಪಘಾತ, ಹಿಂಸೆ ಮೊದಲಾದ ಅಸಹಜ ಕಾರಣಗಳಿಂದ ಸತ್ತವರ ಪ್ರಮಾಣವು ಹೋಲಿಕೆಯ ಬಾಲಕರಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿಯಾಗಿದ್ದಿತು. ಕುಡಿತದ ಚಟಕ್ಕೂ ಇಂತಹ ಸಾವಿಗೂ ನಂಟಿದ್ದುದು ಕಂಡುಬಂದಿತು.

ಈ ಎಣಿಕೆಯಿಂದ ಶಾಲೆಯೇ ಅವರನ್ನು ಕೊಂದಿತೆಂದು ತೀರ್ಮಾನಿಸುವುದು ಸರಿಯಾಗದು. ಶಾಲೆಗೆ ಬರುವ ಮುನ್ನವೇ ಆ ಬಾಲಕರ ಬದುಕಿನಲ್ಲಿ ಕೇಡಿನ ಬೀಜಗಳಿದ್ದವು. ಆದರೆ ಶಾಲೆಯು ತಾನು ಕೊಟ್ಟ ಮಾತಿನಂತೆ ಆ ಬೀಜಗಳನ್ನು ಕಿತ್ತೆಸೆಯಲಿಲ್ಲವೆಂಬಷ್ಟನ್ನು ಮಾತ್ರ ಅದು ನಿಸ್ಸಂಶಯವಾಗಿ ತಿಳಿಸುತ್ತದೆ. ಷಿಕಾಗೋ ನಗರವಿರುವ ಕುಕ್ ಕೌಂಟಿಯಲ್ಲಿಯೂ ಇಂತಹದೇ ಒಂದು ಎಣಿಕೆ ನಡೆಯಿತು. ಅಲ್ಲಿಯ ಬಾಲಬಂಧನಗೃಹದಲ್ಲಿ 1995ರಿಂದ 1998ರವರೆಗೆ ಇದ್ದ 1,829 ಮಂದಿ ಕಿಶೋರರನ್ನು ಲಿಂಡಾ ಟೆಪ್ಲಿನ್ ಎಂಬ ವಿದುಷಿಯ ತಂಡವು ಹಿಂಬಾಲಿಸಿತು. 2005ರಲ್ಲಿ ಪ್ರಕಟವಾದ ಲೆಕ್ಕದಂತೆ ಅವರಲ್ಲಿ 65 ಮಂದಿ ಅಷ್ಟರಲ್ಲಿಯೇ ಸತ್ತಿದ್ದರು. ಬಹುಪಾಲು ಮಂದಿ ಗುಂಡೇಟಿಗೆ ಬಲಿಯಾಗಿದ್ದರು. ಸಾಮಾನ್ಯ ಜನರಲ್ಲಿ ಅದೇ ವಯಸ್ಸಿನವರ ಮರಣಪ್ರಮಾಣಕ್ಕಿಂತ ಇದು ನಾಲ್ಮಡಿಗೂ ಮಿಗಿಲು. ಹುಡುಗಿಯರಲ್ಲಿ ಎಂಟುಮಡಿಯ ಹತ್ತಿರ. ಸರಕಾರದ ಕೈಕೆಳಗೆ ಬಂದ ಮಕ್ಕಳ ವಿಷಯದಲ್ಲಿ ಇಷ್ಟಾದರೂ ತಿಳಿಯಬಂದುದು, ಅವರ ಹೆಸರುಗಳು ನ್ಯಾಯಸ್ಥಾನದ ಕಡತಗಳಲ್ಲಿ ಉಳಿದಿದ್ದುದರಿಂದ.

ಇಷ್ಟರಲ್ಲಿ ಶಾಲೆಗಳ ಸ್ವರೂಪವೇ ಬದಲಾಗಿದ್ದಿತು. ಮ್ಯಾಸಚೂಸೆಟ್ಸಿನಲ್ಲಿ ಜೆರೋಮ್ ಮಿಲ್ಲರ್ ಎಂಬ ಅಧಿಕಾರಿಯು 1970ರ ದಶಕದ ಆದಿಯಲ್ಲಿ ಲೈಮನ್ ಶಾಲೆಯೂ ಸೇರಿದಂತೆ ಸರಕಾರೀ ಸುಧಾರಣಾಶಾಲೆಗಳನ್ನು ಮುಚ್ಚಿಸಿದನು. ಅದೇ ವರ್ಷಗಳಲ್ಲಿ ದೇಶದ ಬೇರೆಡೆಗಳಲ್ಲಿ ಖಾಸಗಿಯವರ ಶಾಲೆಗಳು ತಲೆಯೆತ್ತಿದವು. ಇವುಗಳಲ್ಲಿ ಅನೇಕವುಗಳ ಮೂಲವನ್ನು ಅರಸುತ್ತ ಹೋದರೆ, ಚಾರ್ಲ್ಸ್ ಡೆಡರಿಕ್ ಎಂಬಾತನು 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಸಿನನಾನ್ ಎಂಬ ಪಂಗಡವು ಎದುರಾಗುತ್ತದೆ. ಮಾದಕವಸ್ತುಗಳ ಚಟ ಬಿಡಿಸುವ ನೆಪದಲ್ಲಿ ಒಬ್ಬನನ್ನು ನಡುವೆ ಕೂರಿಸಿ, ಸುತ್ತಣವರೆಲ್ಲ ಬಯ್ದು, ಹೀಯಾಳಿಸಿ, ಅವನ ಅಭಿಮಾನವನ್ನು ಮುರಿಯುವುದು ಆ ಪಂಗಡದ ಚಿಕಿತ್ಸಾಕ್ರಮ. ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲಿ ಹುಟ್ಟಿದ ಸೀಡು, ಮೇನ್ ಸಂಸ್ಥಾನದಲ್ಲಿ 1970ರಲ್ಲಿ ಹುಟ್ಟಿದ ಎಲಾನ್ ಮೊದಲಾದ ಶಾಲೆಗಳು ವಯಸ್ಕರಿಗಾಗಿ ಹೊರಟ ಈ ಕ್ರಮವನ್ನು ಹದಿಹರೆಯದ ಮಕ್ಕಳ ಮೇಲೆ ಪ್ರಯೋಗಿಸಿದವು. ಫ್ಲಾರಿಡಾದ 'ದಿ ಸೀಡ್' ಎಂಬ ಸಂಸ್ಥೆಯ ಕ್ರಮಗಳನ್ನು 1974ರಲ್ಲಿ ಸೆನೆಟ್ ಸಭೆಯ ಉಪಸಮಿತಿಯೊಂದರ ವರದಿಯು, ಉತ್ತರ ಕೊರಿಯಾದಲ್ಲಿ ಯುದ್ಧಬಂದಿಗಳ ಮನಸ್ಸನ್ನು ತಿರುಗಿಸಲು ಬಳಸಿದ ಉಪಾಯಗಳಿಗೆ ಹೋಲಿಸಿತು. ಆದರೂ ಆ ಬಗೆಯ ಶಾಲೆಗಳು ನಿಲ್ಲಲಿಲ್ಲ.

ಇಲ್ಲಿ ಮಗುವನ್ನು ಒಪ್ಪಿಸುತ್ತಿದ್ದವರು ಅನೇಕವೇಳೆ ಕಂಗೆಟ್ಟ ತಂದೆತಾಯಿಗಳು. ಮಗ ಮಾದಕವಸ್ತುವಿಗೆ ಕೈಹಾಕಿದನೆಂದೋ, ಮಗಳು ಮಾತು ಕೇಳುತ್ತಿಲ್ಲವೆಂದೋ ನೊಂದವರು ಬಹಳ ಹಣ ತೆತ್ತು, ಕರಾರಿಗೆ ಸಹಿಹಾಕುತ್ತಿದ್ದರು. ಕೂಲಿಗೆ ಗೊತ್ತುಮಾಡಿದ ಆಳುಗಳು ಅಪರಾತ್ರಿಯಲ್ಲಿ ಬಂದು ಮಗುವನ್ನು ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ಯುವುದೂ ವಾಡಿಕೆಯಾಗಿದ್ದಿತು. ನ್ಯಾಯಾಧೀಶನ ಅಪ್ಪಣೆ ಬೇಕಾಗಿರಲಿಲ್ಲ. ಆದುದರಿಂದ ನ್ಯಾಯಸ್ಥಾನದ ಕಡತವೂ ಇರುತ್ತಿರಲಿಲ್ಲ. ಮಗು ಬರೆದ ಕಾಗದಗಳನ್ನು ಶಾಲೆಯವರು ಓದಿ, ದೂರುಗಳಿದ್ದರೆ ತಡೆಯುತ್ತಿದ್ದರು. ದೂರುವ ಮಗು ಸುಳ್ಳಾಡುತ್ತದೆಂದು ತಂದೆತಾಯಿಗಳಿಗೆ ಮೊದಲೇ ಹೇಳಿಡುತ್ತಿದ್ದರು.

ಈ ಅಪನಂಬಿಕೆಯೇ ಹಲವು ಮಕ್ಕಳ ಪ್ರಾಣಕ್ಕೆ ಎರವಾಯಿತು. ಅಮೆರಿಕದ ಶಾಸನಸಭೆಯ ಅಧೀನದಲ್ಲಿರುವ ಲೆಕ್ಕಪರಿಶೋಧನ ಕಚೇರಿಯು 2007ರ ಅಕ್ಟೋಬರಿನಲ್ಲಿ ವರದಿಯೊಂದನ್ನು ಮುಂದಿಟ್ಟಿತು. ಅದರಲ್ಲಿ 1990ರಿಂದ 2004ರವರೆಗೆ ಇಂತಹ ಖಾಸಗೀ ಸಂಸ್ಥೆಗಳಲ್ಲಿ ಸಂಭವಿಸಿದ 10 ಮರಣಗಳನ್ನು ಒಂದೊಂದಾಗಿ ಪರಿಶೀಲಿಸಲಾಗಿದ್ದಿತು. 1990ರಲ್ಲಿ ಮರಳುನಾಡಿನಲ್ಲಿ ನಡೆಸಲ್ಪಡುತ್ತಿದ್ದ 15 ವರ್ಷದ ಹುಡುಗಿಯೊಬ್ಬಳು ಮೈಯ ನೀರಾರಿ ಸತ್ತಳು. 1994ರಲ್ಲಿ ಯೂಟಾದಲ್ಲಿ 16 ವರ್ಷದ ಹುಡುಗನೊಬ್ಬನು ಕರುಳಿನ ಹುಣ್ಣು ಒಡೆದು, ದಿನದಿನಕ್ಕೂ ಕೃಶನಾಗುತ್ತಿದ್ದರೂ, ಅವನು ಸೋಗು ಹಾಕುತ್ತಿದ್ದಾನೆಂದು ಮೇಲ್ವಿಚಾರಕರು ಬಗೆದುದರಿಂದ ಚಿಕಿತ್ಸೆಯಿಲ್ಲದೆ ಪ್ರಾಣಬಿಟ್ಟನು. 2005ನೆಯ ಒಂದೇ ವರ್ಷದಲ್ಲಿ 33 ಸಂಸ್ಥಾನಗಳಿಂದ 1,619 ಮಂದಿ ನೌಕರರು ದುರ್ವರ್ತನೆಯ ಪ್ರಕರಣಗಳಲ್ಲಿ ಸಿಕ್ಕಿದ್ದರೆಂದು ಅದೇ ವರದಿ ತಿಳಿಸಿತು. ತರಬೇತಿಯಿಲ್ಲದ ನೌಕರರು, ಸಾಲದ ಆಹಾರ, ಅಜಾಗರೂಕತೆ, ಇವು ಅದು ತೋರಿಸಿಕೊಟ್ಟ ಕಾರಣಗಳು. ಕಾನೂನು ಮಾಡುವ ಪ್ರಯತ್ನವು ಪ್ರತಿನಿಧಿಗಳ ಸಭೆಯಲ್ಲಿ ಒಪ್ಪಿಗೆ ಪಡೆದರೂ ಸೆನೆಟ್ ಸಭೆಯನ್ನು ದಾಟಲಿಲ್ಲ.

ಈ ಹತ್ತು ಮರಣಗಳೂ ಸಂಸ್ಥೆಗಳ ವಶದಲ್ಲಿದ್ದಾಗ ಸಂಭವಿಸಿದವು. ಮನೆಗೆ ಮರಳಿದ ಮೇಲೆ ಒಂದೆರಡು ತಿಂಗಳಿಗೋ, ಹತ್ತು ವರ್ಷಕ್ಕೋ ಸತ್ತವರ ಗತಿಯೇನು? ಈ ಲೆಕ್ಕವನ್ನು ಬರೆಯತೊಡಗಿದವರು ಅವರ ಸಹಪಾಠಿಗಳು. ಇಂಟರ್ನೆಟ್ಟು ಬಂದ ಮೇಲೆ ದೇಶದ ಮೂಲೆಮೂಲೆಗಳಲ್ಲಿ ಚೆದರಿದ್ದ ಹಳೆಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕಂಡುಕೊಂಡರು. ಕಂಡವರ ಕುಶಲವನ್ನು ಕೇಳುವಾಗ ಕಾಣದವರ ಮಾತು ಬರುವುದು ಸಹಜ. ಒಬ್ಬನು ಮಾದಕವಸ್ತುವಿನಿಂದ ಸತ್ತನೆಂದೂ, ಮತ್ತೊಬ್ಬಳು ಆತ್ಮಹತ್ಯೆ ಮಾಡಿಕೊಂಡಳೆಂದೂ, ಇನ್ನೊಬ್ಬನು ಬೀದಿಯ ಪಾಲಾಗಿ ಅಳಿದನೆಂದೂ ಸುದ್ದಿಗಳು ಬಂದವು. ಹೆಸರು, ಶಾಲೆಯಲ್ಲಿದ್ದ ವರ್ಷಗಳು, ಸತ್ತ ವರ್ಷ, ತಿಳಿದಿದ್ದರೆ ಕಾರಣ, ಹೀಗೆ ಪಟ್ಟಿಗಳು ಬೆಳೆದವು. ಒಂದೊಂದು ಶಾಲೆಗೆ ಒಂದೊಂದು ಪಟ್ಟಿ. ವರ್ಷ ಕಳೆದಂತೆ ಪಟ್ಟಿಗೆ ಹೊಸ ಹೆಸರುಗಳು ಸೇರಿದವು.

ಎಲಾನ್ ಶಾಲೆಯ ಅನುಭವವು ಇದಕ್ಕೆ ಒಳ್ಳೆಯ ನಿದರ್ಶನ. ಜೋ ರಿಚಿ ಎಂಬಾತನೂ ವೈದ್ಯನೊಬ್ಬನೂ ಕೂಡಿ ಸ್ಥಾಪಿಸಿದ ಈ ಶಾಲೆಯಲ್ಲಿ ತಪ್ಪು ಮಾಡಿದವನನ್ನು ವರ್ತುಲದ ನಡುವೆ ನಿಲ್ಲಿಸಿ, ಒಬ್ಬರಾದ ಮೇಲೊಬ್ಬರೊಡನೆ ಗುದ್ದಾಡಿಸುವ ಶಿಕ್ಷೆಯಿದ್ದಿತು. 1982ರಲ್ಲಿ ಅಲ್ಲಿಯ 15 ವರ್ಷದ ವಿದ್ಯಾರ್ಥಿಯೊಬ್ಬನು ಸತ್ತಾಗ ಅದು ಮಿದುಳಿನ ರಕ್ತನಾಳದ ರೋಗವೆಂದು ಮನೆಯವರು ತಿಳಿದಿದ್ದರು. ಆ ವರ್ತುಲವನ್ನು ಕಣ್ಣಾರೆ ಕಂಡೆವೆಂದು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದು ಹೇಳಿದ ಮೇಲೆ, 34 ವರ್ಷಗಳು ಕಳೆದು 2016ರಲ್ಲಿ ಮೇನ್ ಸಂಸ್ಥಾನದ ಪೋಲೀಸರು ವಿಚಾರಣೆಯನ್ನು ಕೈಗೊಂಡರು. ಶಾಲೆಯಾದರೋ 2011ರಲ್ಲಿಯೇ ಮುಚ್ಚಿಹೋಗಿದ್ದಿತು. ಇಂಟರ್ನೆಟ್ಟಿನ ಮೂಲಕ ಹರಡಿದ ಅಪಪ್ರಚಾರವೇ ಅದಕ್ಕೆ ಕಾರಣವೆಂದು ಶಾಲೆಯವರು ದೂರಿದರು. ಒಳಗಿದ್ದಾಗ ಒಬ್ಬರ ಮೇಲೊಬ್ಬರು ಚಾಡಿ ಹೇಳುವಂತೆ ತರಬೇತಿ ಪಡೆದಿದ್ದ ಮಕ್ಕಳು, ಹೊರಗೆ ಬಂದು ಒಬ್ಬರಿಗೊಬ್ಬರು ಸಾಕ್ಷಿಗಳಾದುದು ಗಮನಿಸತಕ್ಕ ವಿಷಯ.

ಈ ಪಟ್ಟಿಗಳ ಬೆಲೆಯನ್ನು ಕಟ್ಟುವಾಗ ಎರಡು ಪಕ್ಷಗಳ ಮಾತನ್ನೂ ಕೇಳಬೇಕಾಗುತ್ತದೆ. ಶಾಲೆಗಳ ಪರವಾಗಿ ವಾದಿಸುವವರು, ಈ ಮಕ್ಕಳು ಅಪಾಯದ ಅಂಚಿನಲ್ಲಿದ್ದುದರಿಂದಲೇ ಶಾಲೆಗೆ ಬಂದರು, ಶಾಲೆಯಿಲ್ಲದಿದ್ದರೆ ಇನ್ನೂ ಮೊದಲೇ ಸಾಯುತ್ತಿದ್ದರು ಎನ್ನುತ್ತಾರೆ. ತಮ್ಮ ಪ್ರಾಣ ಉಳಿದುದು ಶಾಲೆಯಿಂದಲೇ ಎನ್ನುವ ಹಳೆಯ ವಿದ್ಯಾರ್ಥಿಗಳೂ ಇಲ್ಲದಿಲ್ಲ. ಈ ವಾದವನ್ನು ಹಗುರವಾಗಿ ತಳ್ಳಿಬಿಡುವುದು ನ್ಯಾಯವಲ್ಲ. ಸ್ನೇಹಿತರು ಕೂಡಿಸಿದ ಪಟ್ಟಿಯಲ್ಲಿ ಸತ್ತವರ ಸಂಖ್ಯೆಯುಂಟು, ಸೇರಿದವರ ಒಟ್ಟು ಸಂಖ್ಯೆಯಿಲ್ಲ. ಕಾರಣವು ಕೇಳಿದ ಮಾತೇ ಹೊರತು ವೈದ್ಯನ ಪ್ರಮಾಣಪತ್ರವಲ್ಲ. ಗ್ಲೂಕ್ ದಂಪತಿಗಳು ಇಟ್ಟುಕೊಂಡಂತಹ ಹೋಲಿಕೆಯ ಗುಂಪೂ ಇಲ್ಲ. ಆದರೆ ಈ ಕೊರತೆಗಳನ್ನು ತುಂಬಬಲ್ಲವರು ಶಾಲೆಯವರೇ ಆಗಿದ್ದರು. ಎಷ್ಟು ಮಂದಿ ಸೇರಿದರು, ಯಾವ ಸ್ಥಿತಿಯಲ್ಲಿ ಸೇರಿದರು, ಎಷ್ಟು ಕಾಲವಿದ್ದರು ಎಂಬುದೆಲ್ಲ ಅವರ ಪುಸ್ತಕಗಳಲ್ಲಿದ್ದಿತು. ಗುಣಹೊಂದಿದವರ ಕಥೆಗಳನ್ನು ಹೊಗಳಿಕೆಯ ಪತ್ರಿಕೆಗಳಲ್ಲಿ ಅಚ್ಚುಮಾಡಿ ತಂದೆತಾಯಿಗಳಿಗೆ ಹಂಚುವುದಕ್ಕೆ ಅವರಿಗೆ ಸಾಧ್ಯವಾಗಿದ್ದಿತು. ಬದುಕಿದವರನ್ನು ತಮ್ಮ ಗೆಲವೆಂದು ಹೇಳಿಕೊಂಡವರು, ಸತ್ತವರ ಪ್ರಸ್ತಾಪ ಬಂದಾಗ ಬಿಟ್ಟುಹೋದ ಮೇಲೆ ತಮಗೆ ಸಂಬಂಧವಿಲ್ಲವೆಂದರೆ, ಆ ಲೆಕ್ಕದಲ್ಲಿ ನೆಚ್ಚಿಕೆಯುಂಟಾಗುವುದು ಹೇಗೆ?

ಶಾಲೆಗಳು ಮುಚ್ಚಿದಾಗ ಪುಸ್ತಕಗಳು ಏನಾದವೆಂಬುದಕ್ಕೂ ಉದಾಹರಣೆಯುಂಟು. ನ್ಯೂಯಾರ್ಕ್ ಸಂಸ್ಥಾನದ ಆಗ್ಡೆನ್ಸ್‌ಬರ್ಗಿನಲ್ಲಿದ್ದ ಐವಿ ರಿಜ್ ಎಂಬ ಶಾಲೆಯು 2009ರಲ್ಲಿ ನಿಂತುಹೋಯಿತು. ಅಲ್ಲಿಯ ಹಳೆಯ ವಿದ್ಯಾರ್ಥಿನಿ ಕ್ಯಾಥರಿನ್ ಕ್ಯೂಬ್ಲರ್ ವರ್ಷಗಳ ಬಳಿಕ ತನ್ನ ಸಹಪಾಠಿಗಳೊಡನೆ ಪಾಳುಬಿದ್ದ ಆ ಕಟ್ಟಡವನ್ನು ಹೊಕ್ಕಾಗ, ಮಕ್ಕಳ ಕಡತಗಳು ಅಲ್ಲಿಯೇ ಬಿದ್ದಿದ್ದವು. ಆಕೆ ತೆಗೆದು 2024ರಲ್ಲಿ ಹೊರಬಂದ ಚಿತ್ರದಲ್ಲಿ ಅದು ಕಾಣುತ್ತದೆ. ಹಿಂದೆ ಗ್ಲೂಕ್ ದಂಪತಿಗಳು ಪೆಟ್ಟಿಗೆಯಲ್ಲಿ ಜೋಪಾನವಾಗಿ ತುಂಬಿಟ್ಟಂತಹ ಕಾಗದಗಳನ್ನು ಇಲ್ಲಿ ಧೂಳಿಗೆ ಬಿಟ್ಟು ಹೋಗಲಾಗಿದ್ದಿತು.

ಈಚೆಗೆ ಸರಕಾರವೂ ಕಣ್ಣುತೆರೆದಿದೆ. 1990ರ ದಶಕದಲ್ಲಿ ಯೂಟಾದ ಇಂತಹ ಶಾಲೆಯೊಂದರಲ್ಲಿದ್ದ ಪ್ಯಾರಿಸ್ ಹಿಲ್ಟನ್ ಎಂಬ ಪ್ರಸಿದ್ಧ ಮಹಿಳೆ 2020ರಲ್ಲಿ ತನ್ನ ಅನುಭವವನ್ನು ಬಹಿರಂಗಪಡಿಸಿದಳು. ಯೂಟಾ ಸಂಸ್ಥಾನವು 2021ರಲ್ಲಿ ಹೊಸ ಕಟ್ಟುಪಾಡುಗಳನ್ನು ವಿಧಿಸಿತು. 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಸಂಸ್ಥೆಗಳಲ್ಲಿಯ ಮಕ್ಕಳ ಮೇಲಿನ ದುರ್ವರ್ತನೆಯನ್ನು ತಡೆಯುವ ಕಾಯಿದೆಗೆ ಸಹಿಹಾಕಿದನು. ಇಂತಹ ವಸತಿಸಂಸ್ಥೆಗಳಲ್ಲಿ ನಡೆಯುವ ಹಿಂಸೆಯನ್ನೂ ಮರಣಗಳನ್ನೂ ದೇಶದ ವಿಜ್ಞಾನ ಅಕಾಡೆಮಿಗಳು ಆಗಾಗ ಪರಿಶೀಲಿಸಿ ವರದಿ ಮಾಡಬೇಕೆಂಬುದು ಅದರ ಮುಖ್ಯಾಂಶ. ಬೇಲಿಯೊಳಗಿನ ಎಣಿಕೆಗೆ ಇದರಿಂದ ದಾರಿಯಾಗಿದೆ. ಬಿಡುಗಡೆಯಾದವರನ್ನೂ ಅಷ್ಟೇ ನಿಷ್ಠೆಯಿಂದ, ಹೋಲಿಕೆಯ ಗುಂಪನ್ನಿಟ್ಟುಕೊಂಡು, ಹತ್ತಿಪ್ಪತ್ತು ವರ್ಷ ಹಿಂಬಾಲಿಸಿ ಎಣಿಸಿದರೆ ಮಾತ್ರ ಶಾಲೆಗಳ ಪರವಾದ ವಾದಕ್ಕೂ ವಿರೋಧವಾದ ವಾದಕ್ಕೂ ಸರಿಯಾದ ತೀರ್ಪು ದೊರೆಯುವುದು.

ಅಲ್ಲಿಯವರೆಗೆ ಆ ಮೂರನೆಯ ಪುಸ್ತಕವು ಹಳೆಯ ವಿದ್ಯಾರ್ಥಿಗಳ ಕೈಯಲ್ಲಿಯೇ ಉಳಿದಿರುತ್ತದೆ. ಅದರಲ್ಲಿ ತಪ್ಪುಗಳಿರಬಹುದು, ಬಿಟ್ಟುಹೋದ ಹೆಸರುಗಳಿರಬಹುದು. ಆದರೂ ಮರಿಯಾನಾದ ಶಿಲುಬೆಗಳ ಮೇಲೆ ಇಲ್ಲದಿದ್ದುದೊಂದು ಅದರಲ್ಲಿದೆ. ಸತ್ತವನ ಹೆಸರೂ, ಅವನನ್ನು ಬಲ್ಲೆನೆಂದು ಹೇಳುವ ಒಬ್ಬ ಗೆಳೆಯನ ಮಾತೂ ಅಲ್ಲಿ ಜೊತೆಜೊತೆಯಾಗಿ ನಿಂತಿವೆ.